600 ಎಂ.ಎಂ. ಆಸೆ

ಅಪ್ಪನ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಚೌಕುಳಿ ಕಾಗದ ಅಂಟಿಸಿದೆ. ಬಂದವರು ನನ್ನ ಮಗನ ಗಣಿತದ ಹಾಳೆ ಅಂದುಕೊಳ್ಳುತ್ತಾರೆ. ಅದು ಅಪ್ಪನದು. ದಿನಾ ಬೆಳಿಗ್ಗೆ ಕಾಫಿ ಆದಮೇಲೆ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನಡುವಿನ ಚುಕ್ಕೆಯನ್ನು ನೋಡಬೇಕು. ಗೆರೆಗಳು ನೆಟ್ಟಗಿವೆಯೋ, ಡೊಂಕಾಗಿವೆಯೋ, ಎಲ್ಲಾದರೂ ಅಳಿಸಿಹೋಗಿವೆಯೋ ಅಂತ ಅಮ್ಮನಿಗೆ ಹೇಳಬೇಕು. ಹೊಸದಾಗಿ ಡೊಂಕು ಕಂಡರೆ ತಡಮಾಡದೆ ಬನ್ನಿ ಅಂದಿದ್ದಾರೆ ಕಣ್ಣಿನ ಡಾಕ್ಟರು.

ಲೆನ್ಸ್ ಕಥೆ ಹೇಳೋಕೆ ಹೊರಟವಳು ಫ್ರಿಜ್ ಬಾಗಿಲಿಂದ ಯಾಕೆ ಶುರು ಮಾಡಿದೆ ಅಂತೀರಾ? ನಾನು ಆರು ತಿಂಗಳು ಲೆನ್ಸ್ ಲೆನ್ಸ್ ಅಂತ ಒದ್ದಾಡಿದ್ದು ಆ ಕಾಗದದಿಂದಲೇ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ನಿವೃತ್ತರಾದ ಮಾರನೇ ದಿನದಿಂದ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್. ಕುತ್ತಿಗೆಗೆ ಹಳೇ ಬೈನಾಕ್ಯುಲರ್, ಜೇಬಿನಲ್ಲಿ ಪುಟ್ಟ ಡೈರಿ. ಶೆಲ್ಫಿನಲ್ಲಿ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು', ಬೈಂಡು ಬಿಟ್ಟು ಹೋಗುವಷ್ಟು ತಿರುವಿ ಹಾಕಿದ್ದು. ನನಗೆ ಪೆಲಿಕನ್ ಅನ್ನೋ ಪದ ಗೊತ್ತಾಗುವ ಮೊದಲೇ ಹೆಜ್ಜಾರ್ಲೆ ಗೊತ್ತಿತ್ತು. ಬೀ ಈಟರ್ ಅಂದ್ರೆ ನಮ್ಮ ಕಳ್ಳಿಪೀರ ಅಂತ ಕಾಲೇಜಿಗೆ ಬಂದ ಮೇಲೆ ತಿಳಿದದ್ದು.

ಎರಡು ವರ್ಷದ ಹಿಂದೆ ಅಪ್ಪ ಪೇಪರ್ ಓದುವಾಗ ಅಕ್ಷರ ನುಂಗಿಹೋಗ್ತಿದೆ ಅಂದ್ರು. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡೆವು. ಪರೀಕ್ಷೆ ಮಾಡಿದಾಗ ಕಣ್ಣಿನ ಪರದೆಯ ನಡುಭಾಗ, ಮ್ಯಾಕುಲಾ, ಸವೆಯುತ್ತಿದೆ ಅಂತ ಗೊತ್ತಾಯ್ತು. ವಯಸ್ಸಿಗೆ ಬರುವಂಥದ್ದು, ಒಣ ನಮೂನೆಯದ್ದು. ಅಂಚಿನ ನೋಟ ಉಳಿಯುತ್ತದೆ, ನೇರ ನೋಡಿದ ಜಾಗ ಮಸುಕಾಗುತ್ತದೆ. ಅಪ್ಪ ಅದನ್ನು ಮೇಷ್ಟ್ರ ಹಾಗೇ ವಿವರಿಸಿದರು: "ಕೆರೆ ಕಾಣತ್ತೆ, ಮರ ಕಾಣತ್ತೆ. ಮರದ ಮೇಲಿರೋ ಹಕ್ಕಿ ಮಾತ್ರ, ನಾನು ನೋಡಿದ ತಕ್ಷಣ ಮಾಯ ಆಗತ್ತೆ ಪುಟ್ಟಿ."

ಒಂದು ಭಾನುವಾರ ಆ ಬೈನಾಕ್ಯುಲರ್ ನನ್ನ ಮಗನ ಕುತ್ತಿಗೆಗೆ ಬಂತು. "ತಾತ ಕೊಟ್ಟರು" ಅಂದ. ನಾವ್ಯಾರೂ ಏನೂ ಮಾತಾಡಲಿಲ್ಲ.

ಮದುವೆಗೆ ಮುಂಚೆ ತಗೊಂಡ ನಿಕಾನ್ ಡಿ 7500 ಕ್ಯಾಮೆರಾ ನನ್ನ ಹತ್ತಿರ ಇತ್ತು, ಜೊತೆಗೆ 70-300 ಲೆನ್ಸ್. ಕೆರೆಯ ನಡುಗಡ್ಡೆಯ ಹಕ್ಕಿಗಳನ್ನು ಅದರಲ್ಲಿ ತೆಗೆದು, ದೊಡ್ಡದು ಮಾಡಿ ಅಪ್ಪನಿಗೆ ತೋರಿಸ್ತಿದ್ದೆ. ಆ ಪುಟ್ಟ ಚುಕ್ಕೆಯನ್ನು ಹಿಗ್ಗಿಸಿದರೆ ಹಕ್ಕಿ ಹೋಗಿ ಇಟ್ಟಿಗೆ ಚೂರಿನ ಹಾಗೆ ಆಗ್ತಿತ್ತು. ನನಗೆ ಹೊಳೆದ ಲೆಕ್ಕ ಸರಳ. ಅಪ್ಪನಿಗೆ ಸಣ್ಣದು ಕಾಣಲ್ಲ, ಹಾಗಾಗಿ ದೊಡ್ಡದಾಗಿ ತೆಗೆಯಬೇಕು. ದೊಡ್ಡದಾಗಿ ತೆಗೆಯೋಕೆ ಉದ್ದ ಲೆನ್ಸ್ ಬೇಕು. 600 ಎಂ.ಎಂ. ಬೇಕು.

ದುಡ್ಡಿಗೆ ದಾರಿ ಇತ್ತು. ಆಫೀಸಿನ ಗೆಳತಿಯರ ಚೀಟಿಯಲ್ಲಿ ನನ್ನ ಸರದಿ ಬಂದು 1 ಲಕ್ಷ ಕೈಗೆ ಬಂದಿತ್ತು. ಜೂನ್‌ನಲ್ಲಿ ಮಗನ ಸ್ಕೂಲ್ ಫೀಸು, ಕಾರಿನ ಇನ್ಶೂರೆನ್ಸು ಎರಡೂ ಒಟ್ಟಿಗೆ ಬರ್ತವೆ ಅನ್ನೋದು ನನಗೂ ಗೊತ್ತು. ಗಂಡ "ನಿನ್ನ ದುಡ್ಡು, ನೀನೇ ಯೋಚನೆ ಮಾಡು" ಅಂದ. ಮದುವೆಯಾದವರಿಗೆ ಗೊತ್ತಿರತ್ತೆ, ಇದು ಒಪ್ಪಿಗೆಯ ಮಾತಲ್ಲ. ಅತ್ತೆ ಇನ್ನೂ ನೇರ: "ಅದೇ ದುಡ್ಡಲ್ಲಿ ಒಂದು ಬಳೆ ಆದ್ರೂ ಆಗ್ತಿತ್ತಲ್ಲಮ್ಮ. ಕಷ್ಟಕ್ಕೆ ಅಡ ಇಡೋಕಾದ್ರೂ ಬರತ್ತೆ. ಈ ಕೊಳವೇನ ಯಾರು ಅಡ ಇಟ್ಕೋತಾರೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗಲೂ ಇಲ್ಲ.

ರಾತ್ರಿ ಮಗ ಮಲಗಿದ ಮೇಲೆ ಓದೋಕೆ ಶುರು ಮಾಡಿದೆ. ನನ್ನ ಬಜೆಟ್ಟಿನ ಆಸುಪಾಸಿನಲ್ಲಿ ಮೂರು ಲೆನ್ಸ್ ಮೇಲೇ ಎಲ್ಲರ ಮಾತು. ಸಿಗ್ಮಾದ 150-600 ಕಂಟೆಂಪರರಿ, ಟ್ಯಾಮ್ರಾನ್‌ನ 150-600 ಜಿ2, ನಿಕಾನ್‌ನದೇ 200-500. ಮೊದಲೆರಡು 600ಕ್ಕೆ ಹೋದಾಗ ಎಫ್ 6.3, ನಿಕಾನ್‌ನದು ಉದ್ದಕ್ಕೂ ಎಫ್ 5.6. ಸಿಗ್ಮಾ ಎರಡು ಕಿಲೋಗೆ ಸ್ವಲ್ಪ ಕಮ್ಮಿ, ಟ್ಯಾಮ್ರಾನ್ ಸರಿಯಾಗಿ ಎರಡು ಕಿಲೋ, ನಿಕಾನ್ 2.3 ಕಿಲೋ. ಈ ಕಿಲೋ ಲೆಕ್ಕ ಓದುವಾಗ ನಾನು ಅದನ್ನು ಹಾರಿಸಿಕೊಂಡು ಹೋದೆ. ಸಕ್ಕರೆ ಪ್ಯಾಕೆಟ್ ಎತ್ತಲ್ವಾ ದಿನಾ ಅಂದುಕೊಂಡೆ. ಸಕ್ಕರೆ ಪ್ಯಾಕೆಟ್ಟನ್ನು ಯಾರೂ ಕಣ್ಣಿನ ಎತ್ತರಕ್ಕೆ ಹಿಡಿದುಕೊಂಡು ಹತ್ತು ನಿಮಿಷ ಅಲ್ಲಾಡದೆ ನಿಲ್ಲಲ್ಲ ಅನ್ನೋದು ಆಗ ಹೊಳೀಲಿಲ್ಲ.

ಓದದವರಿಗಾಗಿ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಎಂ.ಎಂ. ಎರಡರಷ್ಟಾದರೆ ಹಕ್ಕಿ ಉದ್ದಕ್ಕೂ ಅಗಲಕ್ಕೂ ಎರಡರಷ್ಟಾಗುತ್ತದೆ, ಅಂದರೆ ಫೋಟೋದಲ್ಲಿ ನಾಲ್ಕರಷ್ಟು ಜಾಗ ತುಂಬುತ್ತದೆ. ಹಾಗಾಗಿ 300ರಿಂದ 600ಕ್ಕೆ ಹೋಗೋದು ದೊಡ್ಡ ಜಿಗಿತವೇ. ನನ್ನ ಕ್ಯಾಮೆರಾದ ಹಾಗೆ ಚಿಕ್ಕ ಸೆನ್ಸರ್ ಇದ್ದರೆ ಕಾಣುವ ನೋಟ ಇನ್ನೂ ಒಂದೂವರೆ ಪಟ್ಟು ಬಿಗಿಯಾಗುತ್ತದೆ. 600 ಅನ್ನೋದು ಫುಲ್ ಫ್ರೇಮ್‌ನ 900ರ ಹಾಗೆ. ಹಕ್ಕಿ ಅಷ್ಟು ದೊಡ್ಡದಾಗುವಾಗ ನಮ್ಮ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ. ದೋಣಿಯ ಓಲಾಟ, ಬಿಸಿಲಿಗೆ ನೆಲದಿಂದ ಏಳುವ ಝಳ, ಎಲ್ಲವೂ. ಮಧ್ಯಾಹ್ನದ ಝಳದಲ್ಲಿ ನೂರಾರು ಅಡಿ ದೂರದ ಜಿಂಕೆಯನ್ನು ಎಷ್ಟು ಲಕ್ಷದ ಲೆನ್ಸಿನಲ್ಲಿ ತೆಗೆದರೂ ಅದು ನೀರಲ್ಲಿ ನೆನೆದ ಜಿಂಕೆಯೇ.

"ಮೊದಲು ಬಾಡಿಗೆಗೆ ತಂದು ನೋಡು" ಅಂದದ್ದು ಗಂಡ. ಫೋಟೋಗ್ರಫಿ ಗೊತ್ತಿಲ್ಲದವನು ಕೊಟ್ಟ ಈ ಒಂದು ಸಲಹೆ ನನಗೆ ಒಂದು ಲಕ್ಷ ಉಳಿಸಿತು. ಇದನ್ನು ಅವನ ಎದುರಿಗೆ ಇನ್ನೂ ಹೇಳಿಲ್ಲ. ಇಲ್ಲಿ ಓದಿಕೊಳ್ಳಲಿ.

ಫೆಬ್ರವರಿಯ ಒಂದು ಶನಿವಾರ, ಎರಡು ದಿನದ ಬಾಡಿಗೆಗೆ ಟ್ಯಾಮ್ರಾನ್ 150-600 ತಂದು, ಅಪ್ಪ ಮತ್ತು ಮಗನ ಜೊತೆ ರಂಗನತಿಟ್ಟಿಗೆ ಹೋದೆ. ಸಲೀಂ ಅಲಿ ಹೇಳಿದ ಮೇಲೆ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ. ನನಗಂತೂ ಸ್ಕೂಲ್ ಪಿಕ್‌ನಿಕ್ಕಿನ ಕಾಲದಿಂದ ಗೊತ್ತು. ಬಣ್ಣದ ಕೊಕ್ಕರೆಗಳು ಕಡ್ಡಿ ಹೊತ್ತು ಗೂಡು ಕಟ್ಟುತ್ತಿದ್ದ ಸಮಯ. ಬಂಡೆ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮಗ ಅದು ಪ್ಲಾಸ್ಟಿಕ್ಕಿನದು ಅಂತ ವಾದ ಮಾಡ್ತಿದ್ದ.

ಮೊದಲ ಕಾಲು ಗಂಟೆ ನಾನು ಸ್ವರ್ಗದಲ್ಲಿದ್ದೆ. 600ರಲ್ಲಿ ಕೊಕ್ಕರೆಯ ಕಣ್ಣಿನ ಸುತ್ತಲಿನ ಚರ್ಮದ ಸುಕ್ಕು ಕಾಣ್ತಿತ್ತು. ಆಮೇಲೆ ಎಡ ಮಣಿಕಟ್ಟು ಉರಿಯೋಕೆ ಶುರುವಾಯ್ತು. ಕ್ಯಾಮೆರಾ ಸೇರಿ ಎರಡೂಮುಕ್ಕಾಲು ಕಿಲೋ. ಟ್ರೈಪಾಡ್ ಇಡೋಕೆ ನಮ್ಮ ದೋಣಿಯಲ್ಲಿ ಜಾಗ ಇಲ್ಲ, ಇಟ್ಟರೂ ದೋಣಿಯೇ ಅಲ್ಲಾಡುವಾಗ ಪ್ರಯೋಜನ ಇಲ್ಲ. ಮೋಡ ಕವಿದ ಬೆಳಗು, ಎಫ್ 6.3. ಶಟರ್ ಸ್ಪೀಡ್ ಏರಿಸಿದರೆ ಐಎಸ್‌ಒ ಏರಿ ಫೋಟೋ ರವೆ ರವೆ, ಇಳಿಸಿದರೆ ಅಲುಗಾಟ. ಹಾರುವ ಹಕ್ಕಿಯನ್ನು ಆ ಸಣ್ಣ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅದು ಶ್ರೀರಂಗಪಟ್ಟಣ ದಾಟಿರ್ತಿತ್ತು.

ಇಷ್ಟರ ನಡುವೆ ಅಪ್ಪ ಪಕ್ಕದಲ್ಲಿ ಕೂತು ಕೇಳ್ತಿದ್ದರು. "ಅಲ್ಲಿ ಬಿಳಿ ಏನೋ ಹೋಯ್ತಲ್ಲ, ಏನದು?" "ಒಂದ್ನಿಮಿಷ ಅಪ್ಪ." "ಬಲಗಡೆ ಗಲಾಟೆ ಮಾಡ್ತಿರೋದು ಮರಿಗಳಾ?" "ಒಂದ್ನಿಮಿಷ." ಕಣ್ಣು ಲೆನ್ಸಿನಿಂದ ತೆಗೆಯೋಕೆ ಆಗ್ತಿರಲಿಲ್ಲ. ದೋಣಿ ನಡೆಸುವವರೇ ಪಾಪ ಅಪ್ಪನಿಗೆ ಉತ್ತರ ಕೊಡ್ತಾ ಬಂದರು.

ವಾಪಸ್ ಬಂದು ದೋಣಿಯಿಂದ ಇಳಿಯುವಾಗ ಆದದ್ದು ಇಷ್ಟು. ನನ್ನ ಎರಡೂ ಕೈಯಲ್ಲಿ ಬಾಡಿಗೆ ಲೆನ್ಸ್, ಬಿದ್ದರೆ ದಂಡ ಕಟ್ಟಬೇಕಲ್ಲ ಅನ್ನೋ ಭಯ. ಮಗ ಮುಂದೆ ನೆಗೆದು ಓಡಿದ. ಅಪ್ಪ ಕಾಲಿಟ್ಟ ಮೆಟ್ಟಿಲು ಅವರು ನೇರ ನೋಡಿದ ಮೆಟ್ಟಿಲು, ಅಂದರೆ ಅವರಿಗೆ ಕಾಣದ ಮೆಟ್ಟಿಲು. ಕಾಲು ತಪ್ಪಿತು. ದೋಣಿಯವರು ಮೊಣಕೈ ಹಿಡಿದುಕೊಂಡರು. ಅಪ್ಪ "ಏನಿಲ್ಲ, ಏನಿಲ್ಲ" ಅಂದರು. ನಾನು ನಿಂತ ಜಾಗದಲ್ಲೇ ನಿಂತಿದ್ದೆ, ಲೆನ್ಸನ್ನು ಮಗುವಿನ ಹಾಗೆ ಅಪ್ಪಿಕೊಂಡು.

ಕಾರಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಮಗ ಹೇಳಿಬಿಟ್ಟ.

ಸಂಜೆ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಅಪ್ಪನ ಟಿವಿಗೆ ಚುಚ್ಚಿದೆ. ಅಪ್ಪ ಕುರ್ಚಿಯನ್ನು ಟಿವಿಗೆ ಎರಡಡಿ ಹತ್ತಿರ ಎಳೆದುಕೊಂಡು, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರುತ್ತಾರೆ. ಕಣ್ಣಿನ ಅಂಚಿನಿಂದ ನೋಡೋದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ನಾನು ಹೆಮ್ಮೆಯಿಂದ ಮೊದಲು ಹಾಕಿದ್ದು 600ರಲ್ಲಿ ತೆಗೆದ ಬಣ್ಣದ ಕೊಕ್ಕರೆಯ ಮುಖ. ಟಿವಿ ತುಂಬಾ ಕಿತ್ತಳೆ ಬಣ್ಣದ ಮುಖ, ಹಳದಿ ಕೊಕ್ಕು. ಆ ದಿನದ ನನ್ನ ಅತ್ಯುತ್ತಮ ಫೋಟೋ.

ಅಪ್ಪ ತುಂಬಾ ಹೊತ್ತು ನೋಡಿ ಕೇಳಿದರು: "ಇದೇನು ಪುಟ್ಟಿ, ಬಾಳೆಹಣ್ಣಾ?"

ಅಮ್ಮ ನಕ್ಕರು, ಅಪ್ಪನೂ ನಕ್ಕರು, ನಾನೂ ನಕ್ಕೆ. ಒಳಗೆ ಏನೋ ಕುಸಿದ ಹಾಗಾಯ್ತು.

ಮುಂದಕ್ಕೆ ಒತ್ತುತ್ತಾ ಹೋದೆ. ರೆಕ್ಕೆಯ ಗರಿಗಳು, ಗೂಡಿನ ಒಳಗಿನ ಕೊಕ್ಕು, ಮೊಸಳೆಯ ಹಲ್ಲು. ಅಪ್ಪ ಸುಮ್ಮನೆ ಹೂಂ ಅಂತಿದ್ದರು. ಆಮೇಲೆ ಡಿಲೀಟ್ ಮಾಡಬೇಕು ಅಂತ ಬಿಟ್ಟಿದ್ದ ಒಂದು ಫೋಟೋ ಬಂತು. ಖಾಲಿ ಆಕಾಶ, ಕೆಳಗೆ ಮರದ ತುದಿ, ಮಧ್ಯೆ ಕಡ್ಡಿ ಹೊತ್ತು ಹಾರುವ ಒಂದು ಹಕ್ಕಿ, ಅಷ್ಟೇನೂ ದೊಡ್ಡದಲ್ಲ.

"ನಿಲ್ಸು ನಿಲ್ಸು" ಅಂದರು ಅಪ್ಪ. ಮುಖ ಆ ಕಡೆ ಈ ಕಡೆ ತಿರುಗಿಸಿದರು. "ಕುತ್ತಿಗೆ ಮುಂದಕ್ಕೆ ನೀಟಿಕೊಂಡಿದೆ, ಕಾಲು ಹಿಂದಕ್ಕಿದೆ. ಕೊಕ್ಕರೇನೇ. ಬಕ, ಬೆಳ್ಳಕ್ಕಿ ಆಗಿದ್ರೆ ಕುತ್ತಿಗೆ ಮಡಚಿಕೊಂಡು ಹಾರ್ತವೆ. ಬಾಯಲ್ಲಿ ಕಡ್ಡಿ ಇರಬೇಕಲ್ಲ? ಗೂಡು ಕಟ್ಟೋ ಕಾಲ." ಮಗನನ್ನು ಕರೆದು ಮತ್ತೆ ಪಾಠ ಶುರು. ಎಷ್ಟೋ ತಿಂಗಳ ಮೇಲೆ ಕೇಳಿದ ಮೇಷ್ಟ್ರ ದನಿ.

ಆ ರಾತ್ರಿ ನಾನು ಒಂದು ಕೆಲಸ ಮಾಡಿದೆ. ಲೆನ್ಸ್ ಕೊಳ್ಳಬೇಕು ಅಂತಿರುವ ಎಲ್ಲರಿಗೂ ಇದನ್ನೇ ಮಾಡಿ ಅಂತೀನಿ. ಪ್ರತಿ ಡಿಜಿಟಲ್ ಫೋಟೋದ ಒಳಗೆ ಅದನ್ನು ಎಷ್ಟು ಎಂ.ಎಂ.ನಲ್ಲಿ, ಯಾವ ಶಟರ್ ಸ್ಪೀಡಿನಲ್ಲಿ ತೆಗೆದದ್ದು ಅನ್ನೋ ವಿವರ ಇರುತ್ತದೆ. ಅಪ್ಪ ಗುರುತು ಹಿಡಿದ ಫೋಟೋಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ನೋಡಿದೆ. ಕಡ್ಡಿ ಹೊತ್ತ ಕೊಕ್ಕರೆ 280ರಲ್ಲಿ. ರೆಕ್ಕೆ ಹರಡಿ ಬಿಸಿಲು ಕಾಯುತ್ತಿದ್ದ ಹಾವಕ್ಕಿ 350ರಲ್ಲಿ. ಅದನ್ನು ನಾನು ನೀರುಕಾಗೆ ಅಂದಿದ್ದೆ, ಅಪ್ಪ ಕುತ್ತಿಗೆ ನೋಡಿ ತಿದ್ದಿದ್ದರು. ಬಂಡೆಯ ಮೇಲಿನ ಮೊಸಳೆ 200ರಲ್ಲಿ. 450 ದಾಟಿದ್ದು ಒಂದೂ ಇರಲಿಲ್ಲ. ಅಪ್ಪನಿಗೆ ಗರಿ ಬೇಕಿರಲಿಲ್ಲ. ಹಕ್ಕಿಯ ಪೂರ್ತಿ ಆಕಾರ, ಅದು ಕೂತ ಜಾಗ, ಹಿಂದೆ ಸ್ವಲ್ಪ ಬಯಲು ಇಷ್ಟು ಬೇಕಿತ್ತು. ಅಷ್ಟಿದ್ದರೆ ಉಳಿದದ್ದನ್ನು ಅವರ ಇಷ್ಟು ವರ್ಷದ ಡೈರಿ ತುಂಬಿಕೊಡುತ್ತಿತ್ತು.

ಆದರೂ ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಅಂಗಡಿಗೆ ಹೋದೆವು. ನಾನು ಕೇಳಿದ್ದು ನಿಕಾನ್ 500 ಎಂ.ಎಂ. ಪಿಎಫ್. 2018ರಲ್ಲಿ ಬಂದದ್ದು. ಒಳಗಿನ ಒಂದು ವಿಶೇಷ ಗಾಜಿನಿಂದಾಗಿ ಬರೀ 1460 ಗ್ರಾಂ. ಅಂಗಡಿಯ ಹುಡುಗ ಪೆಟ್ಟಿಗೆ ತೆಗೆದು ಲೆನ್ಸನ್ನು ನೇರ ನನ್ನ ಗಂಡನ ಕೈಗೆ ಕೊಟ್ಟ. "ಸರ್ ಹಿಡಿದು ನೋಡಲಿ ಮೇಡಂ, ನಿಮಗೆ ಭಾರ ಆಗಬಹುದು." ಗಂಡ ಅದನ್ನು ಉಲ್ಟಾ ಹಿಡಿದುಕೊಂಡು "ಚೆನ್ನಾಗಿದೆ" ಅಂದ. ನಾನು ಇಸ್ಕೊಂಡು ಕಣ್ಣಿಗಿಟ್ಟೆ. ನಿಜಕ್ಕೂ ಚೆನ್ನಾಗಿತ್ತು. ಬೆಲೆ ಎರಡು ಲಕ್ಷ ದಾಟಿತ್ತು. ವಾಪಸ್ ಕೊಟ್ಟು, ಕೆಳಗೆ ಬಂದು ಮಸಾಲೆ ದೋಸೆ ತಿಂದೆವು.

ದೋಸೆ ಬರುವಷ್ಟರಲ್ಲಿ ಗಂಡ ಕೇಳಿದ: "ಈ ಲೆನ್ಸ್ ಹಿಡಿದುಕೊಂಡು ಎಲ್ಲಿಗೆ ಹೋಗ್ತೀಯ? ಸುಮ್ಮನೆ ಹೇಳು. ವರ್ಷಕ್ಕೆ ಎಷ್ಟು ಸಲ ಕಬಿನಿ, ಎಷ್ಟು ಸಲ ಕೆರೆ?"

ಲೆಕ್ಕ ಹಾಕಿದೆ. ಕಬಿನಿಗೆ ಹೋಗಿದ್ದು ಐದು ವರ್ಷದಲ್ಲಿ ಒಂದು ಸಲ. ಕೆರೆಗೆ ಹೆಚ್ಚು ಕಮ್ಮಿ ಪ್ರತಿ ಭಾನುವಾರ, ಅಪ್ಪನ ಜೊತೆ, ನಡೆದುಕೊಂಡು. ಅಪ್ಪನ ಜೊತೆ ನಡೆಯುವಾಗ ನನ್ನ ಎಡಗೈ ನನ್ನದಲ್ಲ. ಬೇರು, ಕಲ್ಲು, ಇಳಿಜಾರು ಬಂದ ಕಡೆ ಅವರು ಅದನ್ನು ಹಿಡಿದುಕೊಳ್ತಾರೆ. ಹಾಗಾದರೆ ಒಂದೇ ಕೈಯಲ್ಲಿ, ಹೆಗಲಲ್ಲಿ ಹೊರಬಹುದಾದ ಲೆನ್ಸ್ ಬೇಕು. ಆರು ತಿಂಗಳ ಓದು ಮುಗಿದಿದ್ದು ಆ ಹೋಟೆಲಿನ ಮೇಜಿನ ಮೇಲೆ.

ನಿಮ್ಮ ಲೆಕ್ಕ ಬೇರೆ ಇರಬಹುದು. ನೀವು ಹೆಚ್ಚಾಗಿ ಹೋಗೋದು ಬಂಡೀಪುರ, ನಾಗರಹೊಳೆ ಸಫಾರಿಗೆ ಅಂದ್ರೆ ಆ 150-600, 200-500 ಝೂಮ್‌ಗಳೇ ಸರಿ ಅಂತ ನನ್ನ ಅಭಿಪ್ರಾಯ. ಜೀಪಿನ ಕಂಬಿ ಮೇಲೆ ಅಕ್ಕಿಯೋ ಹುರುಳಿಯೋ ತುಂಬಿದ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಒರಗಿಸಿದರೆ ಭಾರ ನಿಮ್ಮದಲ್ಲ, ಜೀಪಿನದು. ಕಾಟಿ ದಾರಿ ಪಕ್ಕಕ್ಕೇ ಬಂದು ನಿಂತರೆ 150ಕ್ಕೆ ಇಳಿಸಬಹುದು. ಝೂಮ್ ಇಲ್ಲದವರು ಆಗ ಬರೀ ಅದರ ಮೂಗು ತೆಗೀತಾರೆ. ಮಿರರ್‌ಲೆಸ್ ಇರುವವರಿಗೆ ಸೋನಿಯ 200-600 ಇದೆ. ಕ್ಯಾನನ್‌ನ 600 ಎಫ್ 11 ಅಂತೂ ಒಂದು ಕಿಲೋ ಕೂಡ ಇಲ್ಲ, ಆದರೆ ಎಫ್ 11ಕ್ಕೆ ಒಳ್ಳೆ ಬಿಸಿಲು ಬೇಕು. ನಮ್ಮ ಕಾಡಿನ ಬೆಳಗು ಸಂಜೆಗೆ ಅದು ಕಷ್ಟ.

ನನಗೆ ಸಿಕ್ಕಿದ್ದು ನಿಕಾನ್‌ನ 300 ಎಂ.ಎಂ. ಎಫ್ 4 ಪಿಎಫ್. 2015ರದ್ದು, ಆ 500ರ ಅಕ್ಕ. ತೂಕ 755 ಗ್ರಾಂ. ಜೊತೆಗೆ 1.4 ಪಟ್ಟು ಟೆಲಿಕನ್ವರ್ಟರ್, ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರುವ ಪುಟ್ಟ ಬಳೆ. (ಅತ್ತೆಗೆ ಹೇಳಿದೆ, ಬಳೆಯೂ ಬಂತು ಅಂತ. ನಗಲಿಲ್ಲ.) ಅದನ್ನು ಹಾಕಿದರೆ 300 ಹೋಗಿ 420 ಆಗುತ್ತದೆ, ಎಫ್ 4 ಹೋಗಿ 5.6 ಆಗುತ್ತದೆ, ಅಂದರೆ ಬೆಳಕು ಅರ್ಧ. ಮುಂಜಾನೆ ಬೆಳಕು ಸಾಲದಿದ್ದರೆ ಬಳೆ ತೆಗೆದು ಜೇಬಿಗೆ ಹಾಕಿಕೊಳ್ಳೋದು. ಎರಡೂ ಸೇರಿ ಒಂದು ಕಿಲೋಗಿಂತ ಕಮ್ಮಿ.

ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಈಗ ಬಹಳ ಜನ ಮಿರರ್‌ಲೆಸ್‌ಗೆ ಹೋಗ್ತಿರೋದರಿಂದ ಹಳೇ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಒಳ್ಳೆ ಸ್ಥಿತಿಯಲ್ಲಿ ಕಮ್ಮಿಗೆ ಸಿಗ್ತವೆ. ನಾಳೆ ನಾನೂ ಬದಲಾಯಿಸಿದರೆ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು. ಮಾರುತ್ತಿದ್ದವರು ಮೈಸೂರಿನವರೇ, ನಿವೃತ್ತ ಬ್ಯಾಂಕ್ ಅಧಿಕಾರಿ. ಅವರ ಮನೆಯ ಜಗಲಿಯಲ್ಲಿ ಕೂತು ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿದೆ. ಫಂಗಸ್ ಇದ್ದರೆ ಜೇಡರ ಬಲೆಯ ಎಳೆಯ ಹಾಗೆ ಕಾಣುತ್ತದೆ. ನಮ್ಮ ಮಳೆಗಾಲಕ್ಕೆ, ಅದರಲ್ಲೂ ಮಲೆನಾಡಿನ ಮನೆಗಳಲ್ಲಿ ಬೀರುವಿನಲ್ಲಿಟ್ಟ ಲೆನ್ಸಿಗೆ ಅದು ಬಂದೇ ಬರುತ್ತದೆ. ಬಿಲ್ಲಿನ ನಂಬರೂ ಲೆನ್ಸ್ ಮೇಲಿನ ನಂಬರೂ ತಾಳೆ ನೋಡಿದೆ. ನನ್ನ ಕ್ಯಾಮೆರಾಕ್ಕೆ ಹಾಕಿ ಹತ್ತಿರದ ದಾಸವಾಳ, ದೂರದ ನೀರಿನ ಟ್ಯಾಂಕು, ಎರಡನ್ನೂ ಫೋಕಸ್ ಮಾಡಿ, ಫೋಟೋದ ನಾಲ್ಕು ಮೂಲೆಯನ್ನೂ ಹಿಗ್ಗಿಸಿ ನೋಡಿದೆ. ಅವರು ಕಾಫಿ ಕೊಟ್ಟು, "ಹುಡುಗಿ ನೋಡೋಕೆ ಬಂದವರೂ ಇಷ್ಟು ಪರೀಕ್ಷೆ ಮಾಡಲ್ಲಮ್ಮ" ಅಂದರು. ಕನ್ವರ್ಟರ್ ಸೇರಿ 82 ಸಾವಿರಕ್ಕೆ ಮುಗಿಯಿತು. ಉಳಿದ 18 ಸಾವಿರ ಇನ್ಶೂರೆನ್ಸಿಗೆ. ಫೀಸು ಸಂಬಳದಲ್ಲಿ ಹೊಂದಿಸಬೇಕು. ಲೆನ್ಸ್ ಈಗ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿದೆ, ಹಿಂದೆ ಅದು ಚಕ್ಕುಲಿ ಡಬ್ಬ ಆಗಿತ್ತು.

ಈಗ ಭಾನುವಾರ ಹೀಗೆ ನಡೆಯುತ್ತದೆ. ಕ್ಯಾಮೆರಾ ನನ್ನ ಬಲ ಹೆಗಲಿಗೆ, ಅಪ್ಪ ಎಡಗೈಗೆ. ಹಕ್ಕಿ ಕಂಡರೆ ನಿಲ್ಲುತ್ತೇವೆ. ಎರಡೂ ಕೈ ಕ್ಯಾಮೆರಾಕ್ಕೆ ಬೇಕಾದಾಗ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು, ನಾನು ಉಸಿರು ಹಿಡಿದರೆ ತಾವೂ ಹಿಡೀತಾರೆ. ಲೆನ್ಸಿನಲ್ಲಿ ನಡುಕ ತಡೆಯುವ ವಿಆರ್ ಅನ್ನೋದಿದೆ, ಇಬ್ಬರ ನಡುಕವನ್ನೂ ಸೇರಿಸಿ ತಡೆಯುತ್ತೋ ಏನೋ. ಆಮೇಲೆ ಮೊದಲ ಪ್ರಶ್ನೆ ಅಪ್ಪನದು: "ಬಾಲ ಆಡಿಸ್ತಿತ್ತಾ? ಒಂಟಿಯಾ, ಜೋಡಿನಾ?" ಈಗ ಉತ್ತರ ಹೇಳೋಕೆ ನನಗೆ ಪುರಸೊತ್ತಿದೆ.

ಕಳಕೊಂಡದ್ದೂ ಇದೆ, ಸುಳ್ಳು ಹೇಳಲ್ಲ. 600ರಲ್ಲಿ ಕಾಣುವ ಹಕ್ಕಿ ನನ್ನ 420ರಲ್ಲಿ ಅದರ ಅರ್ಧ ಜಾಗವನ್ನಷ್ಟೇ ತುಂಬುತ್ತದೆ. ಹೋದ ತಿಂಗಳು ಕೆರೆಯ ಆಚೆ ದಡದ ಹತ್ತಿರ ಗರುಡವೊಂದು ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋಯ್ತು. ನನ್ನ ಫೋಟೋದಲ್ಲಿ ಅದು ಕಂದು ಬಣ್ಣದ ಪಟಿಕ. ಪಕ್ಕದಲ್ಲಿ ದೊಡ್ಡ ಟ್ರೈಪಾಡ್ ಹೂಡಿದ್ದ ಅಂಕಲ್ ತಮ್ಮ 600 ಎಫ್ 4ರಲ್ಲಿ ತೆಗೆದದ್ದನ್ನು ತೋರಿಸಿದರು. ಮೀನಿನ ಕಣ್ಣೂ ಕಾಣ್ತಿತ್ತು. ಹೊಟ್ಟೆ ಉರಿದುಹೋಯ್ತು. ಮನೆಗೆ ಬಂದು ಹಳೇ ಅಭ್ಯಾಸದ ಹಾಗೆ ಬೆಲೆ ನೋಡಿದೆ. ನಮ್ಮ ಕಾರಿಗಿಂತ ಜಾಸ್ತಿ.

ಹತ್ತಿರದ ಹಕ್ಕಿಯ ವಿಷಯ ಬೇರೆ. 20 ಮೀಟರ್ ದೂರದಿಂದ 600ರಲ್ಲಿ ಸಿಗುವ ಫೋಟೋ, 14 ಮೀಟರ್ ದೂರದಿಂದ 420ರಲ್ಲೇ ಸಿಗುತ್ತದೆ. ಆ ಆರು ಮೀಟರನ್ನು ನಾನು ನಡೆದು ತುಂಬಬೇಕು, ಇಲ್ಲವೇ ಕೂತು ಕಾದು ಹಕ್ಕಿ ತಾನೇ ತುಂಬುವ ಹಾಗೆ ಮಾಡಬೇಕು. ಫಿಲ್ಮ್ ಕಾಲದಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅಂಥವರು ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕಾಯ್ತಿದ್ದರು. ನಮಗೆ ಮರೆ ಬೇಕಾಗಿಲ್ಲ. 72 ವರ್ಷದವರ ಜೊತೆ ಹೋದರೆ ಕಲ್ಲು ಬೆಂಚು ಕಂಡ ಕಡೆಯಲ್ಲೆಲ್ಲ ಕೂರಲೇಬೇಕು. ಕೂತ ಹತ್ತು ನಿಮಿಷಕ್ಕೆ ಮಿಂಚುಳ್ಳಿ ಎದುರಿನ ಕೊಂಬೆಗೆ ಬಂದು ಕೂರುತ್ತದೆ. ಗೂಡಿನ ಹತ್ತಿರ ಮಾತ್ರ ನಾವು ಹೋಗಲ್ಲ, ಅದು ಅಪ್ಪನ ಕಟ್ಟಪ್ಪಣೆ.

ಏಪ್ರಿಲ್ ಮೊದಲ ವಾರ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಬೆಂಗಳೂರು-ಮೈಸೂರು ದಾರಿಯಿಂದ ಒಳಗೆ, ಮದ್ದೂರು ತಾಲ್ಲೂಕಿನ ಹಳ್ಳಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಮಾಡುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಬಟ್ಟೆ ಒಣಗಿರುತ್ತದೆ. ನಾನು ಬಳೆ ತೆಗೆದು ಜೇಬಿಗೆ ಹಾಕಿದೆ. 300 ಕೂಡ ಜಾಸ್ತಿಯಾಗಿ ಹಿಂದಕ್ಕೆ ಹಿಂದಕ್ಕೆ ನಡೆಯಬೇಕಾಯ್ತು. ಒಂದು ಮನೆಯವರು ಅಪ್ಪನಿಗೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ತಲೆ ಮೇಲೆ ಕೊಕ್ಕರೆಗಳು ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಅನ್ನೋ ಸದ್ದು, ಮರಿಗಳ ಕಿರಿಚಾಟ, ಆ ವಾಸನೆಯಂತೂ ಹೇಳೋದೇ ಬೇಡ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾರಿನಲ್ಲೇ ಕೂತರು.

ಅಪ್ಪ ಕುರ್ಚಿಯಲ್ಲಿ ಮುಖ ವಾರೆ ಮಾಡಿಕೊಂಡು ಕೂತಿದ್ದರು. ಮೇಲೆ ಅಷ್ಟು ಹತ್ತಿರದಲ್ಲಿ ದೊಡ್ಡ ಬಿಳಿ ರೆಕ್ಕೆಗಳು ಹೋಗಿ ಬರುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಬೆರಳೆತ್ತಿ ಎಣಿಸೋಕೆ ಶುರು ಮಾಡಿದರು. ಹನ್ನೊಂದರವರೆಗೆ ಬಂದು ಮಗನನ್ನು ಕೇಳಿದರು, "ಸರಿನಾ?" ಮಗ ತಾತನ ಬೈನಾಕ್ಯುಲರ್ ಕಣ್ಣಿಗಿಟ್ಟು ಎಣಿಸಿ, "ಇಲ್ಲ ತಾತ, ಹದಿಮೂರು" ಅಂದ. "ಮತ್ತೊಂದು ಸಲ ನೋಡು" ಅಂದರು ಮೇಷ್ಟ್ರು. ನಾನು ಇಬ್ಬರನ್ನೂ ಸೇರಿಸಿ ಒಂದು ಫೋಟೋ ತೆಗೆಯಬೇಕು ಅಂತ ಹಿಂದೆ ಸರಿದೆ, ಸರಿದೆ, ಯಾರದೋ ಹುಲ್ಲಿನ ಮೆದೆಗೆ ಬೆನ್ನು ತಾಗಿತು. ಆದರೂ 300ರೊಳಗೆ ಇಬ್ಬರೂ ಹಿಡಿಸಲಿಲ್ಲ. ಕೊನೆಗೆ ಮೊಬೈಲ್ ತೆಗೆದೆ.